ಬತ್ತೆ

ಬಾಗಿಲು ದಾಟುತ್ತ ಚಂದನಾ "ಬೈ ಅಮ್ಮಾ" ಎಂದಳು. ದಿನವೂ ಅನ್ನುವುದೇ. ಕಾಲೇಜಿನ ಬಸ್ಸು ತೆಕ್ಕಟ್ಟೆಯ ಸರ್ವಿಸ್ ರಸ್ತೆಯಲ್ಲಿ ನಿಂತು ಹಾರ್ನ್ ಒತ್ತುತ್ತಿತ್ತು. ಆದರೂ ಶ್ರೀಲತಾ ಕೈಯಲ್ಲಿದ್ದ ಸಟ್ಟುಗದ ಸಮೇತ ಜಗಲಿಗೆ ಓಡಿ ಬಂದು, "ಹಾಂಗ್ ಹೇಳುಕಾಗ. ಬತ್ತೆ ಅಂದೇಳಿ ಹೋಗ್" ಎಂದು ಕೂಗಿದಳು. ಕೂಗು ಅತಿಯಾಯಿತೆಂದು ಅವಳಿಗೇ ಅನ್ನಿಸಿತು. ಮಗಳು ಚಪ್ಪಲಿಯ ಪಟ್ಟಿ ಸಿಕ್ಕಿಸಿಕೊಳ್ಳುತ್ತಿದ್ದವಳು ತಲೆಯೆತ್ತಿ, "ಎಂತ ಅಮ್ಮಾ ನಿಂದ್, ಬೆಳಿಗ್ಗೆ ಬೆಳಿಗ್ಗೆ? ಆಯ್ತ್, ಬತ್ತೆ. ಸಾಕಾ?" ಎಂದು ನಗುತ್ತ ಓಡಿದಳು. ಈಗ "ಹೋಯ್ ಬಾ" ಎನ್ನಬೇಕು. ಎರಡೇ ಮಾತು. ನಾಲಗೆ ಏಳಲಿಲ್ಲ. ಬಸ್ಸು ಹೊರಟುಹೋದ ಮೇಲೆ ಖಾಲಿ ರಸ್ತೆಯ ಕಡೆ ಮುಖ ಮಾಡಿ ಅವಳು ಆ ಎರಡು ಮಾತನ್ನು ಮೆಲ್ಲಗೆ ಹೇಳಿದಳು. ಒಳಗೆ ಕಾವಲಿಯ ಮೇಲೆ ದೋಸೆ ಕರಟಿ ಹೋಗಿತ್ತು.

ಹೊರಡುವವರು 'ಹೋಗುತ್ತೇನೆ' ಎನ್ನಬಾರದು. 'ಬತ್ತೆ' ಎನ್ನಬೇಕು, ಬರುತ್ತೇನೆ ಎಂದು. ಉಳಿದವರು 'ಹೋಯ್ ಬಾ', ಹೋಗಿ ಬಾ ಎಂದು ಕಳಿಸಿಕೊಡಬೇಕು. ಕೊಕ್ಕರ್ಣೆಯಿಂದ ಬೈಂದೂರಿನವರೆಗೆ ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸಿದ್ದಿಲ್ಲ. ಮೀನು ಮಾರಿ ಬುಟ್ಟಿ ಎತ್ತಿಕೊಳ್ಳುವವಳೂ ಬತ್ತೆ ಎನ್ನುತ್ತಾಳೆ, ಜಗಳವಾಡಿ ಎದ್ದುಹೋಗುವ ಭಾವನೂ ಬಾಗಿಲಲ್ಲಿ ಒಂದು ಗಳಿಗೆ ನಿಂತು ಬತ್ತೆ ಎನ್ನುತ್ತಾನೆ, ಮುಂಬಯಿಗೆ ಹೋಗಿ ಮತ್ತೆ ಮುಖವನ್ನೇ ತೋರಿಸದವನು ಕೂಡ ಅವತ್ತು ಬತ್ತೆ ಎಂದೇ ಹೋದವನು. ಸಾವಿನ ಮನೆಯಿಂದ ಮಾತ್ರ ಹೇಳದೆ ಎದ್ದು ಬರುವುದು. ಉಸಿರಾಟದಷ್ಟೇ ಅಭ್ಯಾಸವಾಗಿಹೋದ ಆ ಶಬ್ದ ಈಗೊಂದು ತಿಂಗಳಿಂದ ಶ್ರೀಲತಾಳ ಬೆನ್ನು ಬಿಡುತ್ತಿರಲಿಲ್ಲ. ಗಂಡ ಶೇಖರ ನಸುಕಿನಲ್ಲಿ ಹೈವೇ ಬದಿಯ ತನ್ನ ಹೋಟೆಲಿಗೆ ಹೊರಡುವಾಗ ಹೇಳುವ ಬತ್ತೆ ನಿದ್ದೆಯಲ್ಲಿ ಕಿವಿಗೆ ಬಿದ್ದು, ಬಡಿದು ಎಬ್ಬಿಸಿದ ಹಾಗೆ ಎದ್ದು ಕೂರುತ್ತಿದ್ದಳು. ಆ ಧ್ವನಿ ಗಂಡನದಾಗಿರುತ್ತಿರಲಿಲ್ಲ. ರತ್ನಳದಾಗಿರುತ್ತಿತ್ತು.

ಫೋನು ಬಂದದ್ದು ಅವಳು ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ. ಅವಳು ಕೆಲಸ ಮಾಡುವ ಸಂಸ್ಥೆಯ ಜಿಲ್ಲಾ ಮುಖ್ಯಸ್ಥ ಪ್ರೇಮಾನಂದ. ಯಾವ ಕೆಟ್ಟ ಸುದ್ದಿಯನ್ನೂ ಮದುವೆಗೆ ಕರೆಯುವವನ ಹಾಗೆ ಹೇಳುವ ಮನುಷ್ಯ. "ಹ್ವಾಯ್ ಶ್ರೀಲತಾ ಅವ್ರೆ, ಇವತ್ತ್ ದೆಲ್ಲಿ ಮೇಡಂ ಲೈನಿಗ್ ಬತ್ರ್ ಕಾಣಿ. ನಿಮ್ಮತ್ರ ಒಂದೇ ಪ್ರಶ್ನೆ ಕೇಂತ್ರ್. ಅವತ್ತ್ ಹೇಳಿದ್ ಹೌದಾ ಅಂದೇಳಿ. ಹೌದ್ ಅಂದ್ರ್ ಮುಗೀತ್. ಎಂತ ಟೆನ್ಷನ್ ಇಲ್ಲೆ." ಅವಳು ಆಯ್ತು ಸಾರ್ ಎಂದಳು. "ಬತ್ತೆ ಹಂಗಾರೆ" ಎಂದು ಅವನು ಫೋನಿಟ್ಟ. ಫೋನಿನಲ್ಲೂ ಹಾಗೇ ಅನ್ನುತ್ತಾರಲ್ಲ, ಎಲ್ಲಿಗೂ ಹೋಗದೆ, ಎಲ್ಲಿಗೂ ಬಾರದೆ. ಅವಳ ಕೈಯಲ್ಲಿದ್ದ ನೆರಿಗೆ ಜಾರಿ ಮತ್ತೆ ಮೊದಲಿನಿಂದ ಹಿಡಿಯಬೇಕಾಯಿತು.

ಒಂದೇ ಪ್ರಶ್ನೆ. ಹೌದು ಅಂದರೆ ಮುಗಿಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಶ್ರೀಲತಾ ಅದನ್ನೇ ಅಗಿಯುತ್ತಿದ್ದಳು. ಒಂದು ತಿಂಗಳ ಹಿಂದೆ ಮೀಟಿಂಗಿನ ದಿನವೂ ಹೀಗೇ ಬಸ್ಸಿನಲ್ಲಿ ಹೋಗಿದ್ದಳು, ಅವತ್ತೂ ಸಲೀಸಾದ ಕೆಲಸವೆಂದೇ ಹೇಳಿದ್ದರು. ರತ್ನ ಮಾತಾಡುತ್ತಾಳೆ, ನೀವು ಮೇಡಮ್ಮಿಗೆ ಇಂಗ್ಲಿಷಿನಲ್ಲಿ ಹೇಳಿ. ರತ್ನ ಕಿರಿಮಂಜೇಶ್ವರದ ಹತ್ತಿರದ ಕೊರಗರ ಕಾಲನಿಯವಳು, ಸಂಸ್ಥೆಯ ಫೀಲ್ಡ್ ಕೆಲಸದಲ್ಲಿ ಶ್ರೀಲತಾಳಿಗಿಂತ ಹಳಬಳು, ವಯಸ್ಸಿನಲ್ಲೂ ದೊಡ್ಡವಳು, ಆದರೂ ಇವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಇವಳೋ ರತ್ನ ಬಾ, ರತ್ನ ಹೋಗು. ಅಂಚಿನಲ್ಲಿರುವವರ ಧ್ವನಿ ಎಂದು ಬೋರ್ಡಿನಲ್ಲೇ ಬರೆಸಿಕೊಂಡ, ದೇಶದ ಉದ್ದಗಲಕ್ಕೂ ಕಚೇರಿಗಳಿರುವ ಆ ಸಂಸ್ಥೆಯ ಯಾವ ವರದಿ ತೆಗೆದರೂ ರತ್ನಳ ಕಥೆ ಇರುತ್ತಿತ್ತು. ಈ ವರ್ಷದ ಕ್ಯಾಲೆಂಡರಿನಲ್ಲಿ ಅವಳ ನಗು. ಅತಿಥಿಗಳು ಬಂದರೆ ರತ್ನ ಎಲ್ಲಿ ಎಂದು ಕೇಳುತ್ತಿದ್ದರೇ ಹೊರತು, ಪಕ್ಕದಲ್ಲಿ ನಿಂತು ಅವಳ ಮಾತನ್ನು ಇಂಗ್ಲಿಷಿಗೆ ದಾಟಿಸುವವಳ ಹೆಸರೇನೆಂದು ಒಬ್ಬರೂ ಕೇಳಿದ್ದಿಲ್ಲ. ಇದು ತನಗೆ ಹೊಟ್ಟೆಕಿಚ್ಚೆಂದು ಶ್ರೀಲತಾಳಿಗೆ ಅನ್ನಿಸಿರಲಿಲ್ಲ. ಅನ್ನಿಸಿದ್ದು ಆಮೇಲೆ.

ಶುರುವಾದದ್ದು ಡೋಲಿನಿಂದ. ಹೊರದೇಶದ ಅತಿಥಿಗಳು ಬರುವ ದಿನ ಕುಂದಾಪುರದ ಹೋಟೆಲಿನ ಗೇಟಿನಲ್ಲಿ ನಮ್ಮ ಕೊರಗ ಸ್ಟಾಫಿನವರೇ ನಿಂತು ಡೋಲು ಬಾರಿಸಲಿ, ನಮ್ಮ ಸಂಸ್ಕೃತಿ ಅವರಿಗೂ ತಿಳಿಯಲಿ ಎಂದು ಪ್ರೇಮಾನಂದ ಹುಮ್ಮಸ್ಸಿನಲ್ಲಿ ಹೇಳಿದ. ರತ್ನ ಕುಳಿತಲ್ಲಿಂದಲೇ, "ಸಾರ್, ನಮ್ಮ ಅಜ್ಜಂದಿರ್ನ ಗೇಟಿನ್ ಹತ್ರ ನಿಲ್ಸಿ ಬಡ್ಸಿದ್ ಸಾಕಲ್ದಾ? ನಮ್ಮನಿ ಮದುವಿಗ್ ಬನ್ನಿ. ಬೆಳಗಾಪಲ್ಲಿವರಿಗೂ ಬಡಿತೊ, ನೀವೂ ಕುಣಿಲಕ್ಕ್" ಎಂದಳು. ಎಲ್ಲರೂ ನಕ್ಕರು, ಶ್ರೀಲತಾಳೂ ನಕ್ಕಳು, ಪ್ರೇಮಾನಂದನೂ ನಗಬೇಕಾಯಿತು. ಅತಿಥಿಗಳು ಬಂದ ದಿನ ಗೇಟಿನಲ್ಲಿ ಸ್ಪೀಕರಿಟ್ಟು ಡೋಲಿನ ರೆಕಾರ್ಡು ಹಾಕಿದರು. ಆಮೇಲೆ ರತ್ನ ಕಾಲನಿಯಿಂದ ಕಾಲನಿಗೆ ಹೋಗಿ ಉಳಿದ ಫೀಲ್ಡಿನವರನ್ನು ಕೂಡಿಸಿಕೊಂಡಳು. ನಮ್ಮ ವಿಷಯ ತೀರ್ಮಾನವಾಗುವ ಕೋಣೆಯಲ್ಲಿ ನಮಗೆ ಕುರ್ಚಿ ಯಾಕಿಲ್ಲ ಎಂದು ಕೇಳುವುದಕ್ಕೆ. ಬೇರೆ ಕಡೆ ಜನ ಹೀಗೆ ಕೇಳಿದರೆ ಅದನ್ನು ಜಾಗೃತಿ ಎಂದು ವರದಿಯಲ್ಲಿ ಬರೆಯುವ ಸಂಸ್ಥೆ, ತನ್ನನ್ನೇ ಕೇಳಿದಾಗ ಅಶಿಸ್ತು ಎಂದಿತು.

ಆ ಪ್ರಶ್ನೆಗೆಂದೇ ಕರೆದ ಮೀಟಿಂಗಿನ ಕೋಣೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಗೋಡೆಯ ಮೇಲೆ, ವಿಡಿಯೊ ಕರೆಯ ಪರದೆಯಲ್ಲಿ, ದೆಹಲಿಯ ಮೇಡಂ, ಕತ್ತಿನವರೆಗೆ ಮಾತ್ರ. ರತ್ನ ಕೊರಳಿನಲ್ಲಿ ಸಂಸ್ಥೆಯ ನೀಲಿ ಪಟ್ಟಿಯ ಗುರುತಿನ ಚೀಟಿ ಹಾಕಿಕೊಂಡು, ಕುರ್ಚಿಯ ಅಂಚಿನಲ್ಲಿ ಕುಳಿತು ಮಾತಾಡುತ್ತಿದ್ದಳು. ಅವಳು ಹತ್ತು ಮಾತಾಡಿದರೆ ಶ್ರೀಲತಾ ಎರಡನ್ನು ದಾಟಿಸುತ್ತಿದ್ದಳು. ಹಿಂದೊಮ್ಮೆ ಇದೇ ಮೇಡಂ ಎಲ್ಲರೆದುರು ಅವಳ ಇಂಗ್ಲಿಷ್ ಉಚ್ಚಾರಣೆಯೊಂದನ್ನು ತಿದ್ದಿ ಮುಗುಳ್ನಕ್ಕಿದ್ದರು, ಆ ಮುಗುಳ್ನಗೆ ಅವತ್ತೂ ಗೋಡೆಯ ಮೇಲಿತ್ತು. ಬೇಗ ಮುಗಿದರೆ ಸಾಕಾಗಿತ್ತು. ಕೊನೆಗೆ ರತ್ನ ಎದ್ದು ಗೋಡೆಗೆ ಕೈಮುಗಿದಳು, ಅಲ್ಲಿಗೇ ಬಿಡದೆ ಇವಳ ಕಡೆ ತಿರುಗಿ, "ಬತ್ತೆ ಅಕ್ಕಾ" ಎಂದು ಬಾಗಿಲಿಗೆ ನಡೆದಳು. ಏನೆಂದಳು ಎಂದು ಮೇಡಂ ಕೇಳಿದರು. "ಶಿ ಈಸ್ ಲೀವಿಂಗ್" ಎಂದಳು ಶ್ರೀಲತಾ. ಹೊರಡುತ್ತಿದ್ದಾಳೆ. ಅಲ್ಲಿಯವರೆಗೆ ಅದು ನಿಜವೇ. ಆದರೆ ಮೇಡಮ್ಮಿನ ಹುಬ್ಬು ಮೇಲೇರಿತು. ಲೀವಿಂಗ್ ಅಂದರೆ, ನಮ್ಮನ್ನು ಬಿಟ್ಟೆ? ಕೆಲಸ ಬಿಟ್ಟೆ? ಪ್ರೇಮಾನಂದ ಮೇಜಿನ ಆಚೆಯಿಂದ ಶ್ರೀಲತಾಳನ್ನೇ ನೋಡುತ್ತಿದ್ದ. ಅವನು ಕಣ್ಣು ಮಿಟುಕಿಸಲಿಲ್ಲ, ಸನ್ನೆ ಮಾಡಲಿಲ್ಲ, ಹಾಗೇನಾದರೂ ಮಾಡಿದ್ದರೆ ಇವತ್ತು ಎಷ್ಟು ಹಗುರಾಗಿರುತ್ತಿತ್ತು. ಶ್ರೀಲತಾ ತಲೆಯಾಡಿಸಿದಳು. ರತ್ನಳ ಹೆಜ್ಜೆ ಇನ್ನೂ ಮೆಟ್ಟಿಲ ಮೇಲೆ ಕೇಳಿಸುತ್ತಿತ್ತು. ಅವಳಿಗೆ ಹೋಯ್ ಬಾ ಎಂದೂ ಯಾರೂ ಹೇಳಿರಲಿಲ್ಲ.

ಕೋಟೇಶ್ವರದಲ್ಲಿ ಇಳಿಯಲೆದ್ದ ಮುದುಕಿಯೊಬ್ಬಳು ಪಕ್ಕದವಳಿಗೆ "ಬತ್ತೆ ಹಾಂ" ಎಂದಳು. ಬಸ್ಸಿನಲ್ಲಿ ಹತ್ತು ನಿಮಿಷ ಜತೆಗೆ ಕುಳಿತವಳಿಗೆ. ಆಕೆಯೂ "ಹೋಯ್ ಬನ್ನಿ" ಎಂದು ಮೊಣಕಾಲು ಸರಿಸಿದಳು. ಎಷ್ಟು ಸಸಾರ. ಶ್ರೀಲತಾ ಬೆಳೆದ ಕೊಕ್ಕರ್ಣೆಯ ಮನೆಯಲ್ಲಿ ಅಮ್ಮಮ್ಮನಿಗೆ ಮಾತ್ರ ಅದು ಸಸಾರವಾಗಿರಲಿಲ್ಲ. ಅಂಗಳದಾಚೆ, ಬೇಲಿಯ ಹೊರಗೆ, ಬುಟ್ಟಿ ತಂದ ಕೊರಗರ ಹೆಂಗಸು ನಿಲ್ಲುತ್ತಿದ್ದಳು. ಅಂಗಳಕ್ಕೆ ಕಾಲಿಡುವ ಹಾಗಿರಲಿಲ್ಲ. ಅಮ್ಮಮ್ಮ ಬುಟ್ಟಿಯ ತಳ ಬಡಿದು ನೋಡಿ, ಅಕ್ಕಿಯನ್ನು ಬೇಲಿಯ ಬುಡದಲ್ಲಿಟ್ಟು ಹಿಂದೆ ಸರಿಯುತ್ತಿದ್ದಳು. "ಬತ್ತೆ ಅಮ್ಮಾ" ಎನ್ನುತ್ತಿದ್ದಳು ಆ ಹೆಂಗಸು. ಊರಿಗೆಲ್ಲ ಬಾಯಿ ತುಂಬ ಹೋಯ್ ಬಾ ಎನ್ನುವ ಅಮ್ಮಮ್ಮ ಅವಳಿಗೆ ಏನೂ ಅನ್ನದೆ ಒಳಗೆ ನಡೆಯುತ್ತಿದ್ದಳು. ಲಂಗ ಹಾಕುವ ವಯಸ್ಸಿನ ಶ್ರೀಲತಾ ಒಮ್ಮೆ ಕೇಳಿದ್ದಕ್ಕೆ, "ಎಲ್ಲರಿಗೂ ಹೇಳುದಿಲ್ಲೆ ಮಗಾ" ಎಂದಿದ್ದಳು, ಉಪ್ಪಿನಕಾಯಿಗೆ ಒದ್ದೆ ಕೈ ಹಾಕಬಾರದು ಎನ್ನುವಾಗಿನ ಅದೇ ಮೃದು ದನಿಯಲ್ಲಿ. ಆ ಮಳೆಗಾಲ ಕಳೆದು ಬುಟ್ಟಿ ತಂದವಳು ಬೇರೆ ಹೆಂಗಸು. ಮೊದಲಿನವಳು ಜ್ವರ ಬಂದು ತೀರಿಹೋಗಿದ್ದಳಂತೆ. ಹೋಯ್ ಬಾ ಎನ್ನದ್ದಕ್ಕೇ ಅವಳು ಬರಲಿಲ್ಲವೆಂದು ಶ್ರೀಲತಾ ನಂಬಿಬಿಟ್ಟಿದ್ದಳು. ಅಮ್ಮಮ್ಮನ ಪಕ್ಕ ಮಲಗಲು ಎಷ್ಟೋ ದಿನ ಹೆದರಿಕೆಯಾಗಿತ್ತು. ದೊಡ್ಡವಳಾಗಿ, ಓದಿ, ಇಂಥ ಸಂಸ್ಥೆಗೇ ಸೇರಿ, ತರಬೇತಿಗಳಲ್ಲಿ ಆ ಬೇಲಿಯ ಕಥೆಯನ್ನು ಹೇಳಿ ಹೇಳಿ ಎಲ್ಲರ ಕಣ್ಣು ಒದ್ದೆ ಮಾಡಿದ್ದಳು. ಹೇಳುವಾಗೆಲ್ಲ ತಾನು ಬೇಲಿಯ ಯಾವ ಕಡೆ ನಿಂತಿದ್ದೇನೆಂದು ಅವಳಿಗೆ ಅನುಮಾನವೇ ಬಂದಿರಲಿಲ್ಲ.

ಕುಂದಾಪುರದ ಕಚೇರಿಯೆಂದರೆ ಬಾಡಿಗೆಗೆ ಹಿಡಿದ ಹಳೆಯ ಮನೆ, ಮುಂದೆ ಉದ್ದ ಜಗಲಿ. ಅಲ್ಲಿ ಅವರು ಬಂದು ಕುಳಿತಿದ್ದರು. ರತ್ನ, ಕಾಲೇಜು ಮುಗಿಸಿ ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದ ನವ್ಯಶ್ರೀ, ಸಚಿನ್, ಫೀಲ್ಡಿನವರೇ ಇನ್ನಿಬ್ಬರು. ತಾನೇ ಕೆಲಸ ಬಿಟ್ಟಳೆಂದು ಬರೆದುಕೊಂಡು ರತ್ನಳಿಗೆ ಇನ್ನು ಬರಬೇಡವೆಂದ ದಿನದಿಂದ ಅವರು ಹೀಗೆ ಬಂದು ಕೂರುತ್ತಿದ್ದರು. ಘೋಷಣೆಯಿಲ್ಲ, ಬೋರ್ಡಿಲ್ಲ. ರತ್ನಳ ಕೊರಳಲ್ಲಿ ಅದೇ ನೀಲಿ ಪಟ್ಟಿ. ವಾಪಸು ಕೊಡೆಂದರೆ, "ನಾ ಬಿಡ್ಲಿಲ್ಲೆ ಅಲ್ದಾ ಸಾರ್, ಕೊಡುದ್ ಹ್ಯಾಂಗೆ?" ಎಂದು ಅಷ್ಟೇ ವಿನಯದಿಂದ ಕೇಳಿದ್ದಳು. ಜಗಲಿಯಲ್ಲಿ ಕೂತವರ ಹತ್ತಿರ ಸ್ಟಾಫ್ ಯಾರೂ ಮಾತಾಡಕೂಡದೆಂದು ದೆಹಲಿಯಿಂದ ಹುಕುಂ ಬಂದಿತ್ತು. ಸಂಜೆ ಅವರು ಏಳುವಾಗ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ಒಳಗೆ ಮುಖ ಮಾಡಿ, "ಬತ್ತೆ ಅಕ್ಕಾ", "ಬತ್ತೆ ಸಾರ್" ಎಂದು ಹೇಳಿ, ಒಂದು ಗಳಿಗೆ ಕಾದು, ಹೋಗುತ್ತಿದ್ದರು. ಒಳಗೆ ಎಲ್ಲರೂ ಕಂಪ್ಯೂಟರಿನ ಮೇಲೆ ಬಗ್ಗುತ್ತಿದ್ದರು. ಅದು ಅಣಕವೋ, ಬರೇ ಮರ್ಯಾದೆಯೋ, ಶ್ರೀಲತಾಳಿಗೆ ಇವತ್ತಿಗೂ ಗೊತ್ತಾಗಿರಲಿಲ್ಲ. ಮರ್ಯಾದೆಯೇ ಇರಬಹುದೆಂಬ ಯೋಚನೆ ಹೆಚ್ಚು ಕಷ್ಟದ್ದು. ಮೊದಲ ಸಂಜೆ ಕಾವಲಿನ ಪದ್ದಣ್ಣ ಗೇಟಿನಲ್ಲಿ ಮೈಮರೆತು "ಹೋಯ್ ಬನ್ನಿ ಮಕ್ಳೇ" ಎಂದುಬಿಟ್ಟಿದ್ದ. ಮಾರನೆಯ ದಿನವೇ ಅವನನ್ನು ಬ್ರಹ್ಮಾವರದ ಗೋದಾಮಿಗೆ ಹಾಕಿದರು.

ಅದಕ್ಕಿಂತಲೂ ಅವಳನ್ನು ತಿನ್ನುತ್ತಿದ್ದದ್ದು ಬಚ್ಚಲ ಕೀಲಿ. ಹೊರಗಿನವರು ಶೌಚಾಲಯ ಬಳಸುವಂತಿಲ್ಲವೆಂದು ಬೀಗ ಹಾಕಿಸಿ, ಪ್ರೇಮಾನಂದ ಕೀಲಿಯನ್ನು ಅವಳ ಕೈಗೆ ಕೊಟ್ಟಿದ್ದ. "ನಿಮ್ಮ ಹತ್ರ ಇದ್ರೆ ಸೇಫ್." ರತ್ನ ಒಮ್ಮೆ ಬಂದು ಕೇಳಿದ್ದಳು, ನವ್ಯಶ್ರೀಗೆ ಹೊಟ್ಟೆನೋವು, ಒಂದು ಸಲ ಕೊಡಿ ಅಕ್ಕಾ ಎಂದು. "ಸಾರ್ ಹತ್ರ ಕೇಳ್ಕ್" ಎಂದಿದ್ದಳು ಶ್ರೀಲತಾ, ಮುಖ ನೋಡದೆ. ಅವರಿಬ್ಬರೂ ಬಿಸಿಲಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗಿ ಬಂದರು. ಅವತ್ತಿನಿಂದ ಶ್ರೀಲತಾ ಕಚೇರಿಯಲ್ಲಿ ನೀರು ಕುಡಿಯುವುದು ಬಿಟ್ಟಳು. ಕುಡಿದರೆ ತಾನೂ ಆ ಬೀಗ ತೆಗೆಯಬೇಕಾಗುತ್ತದೆ, ಜಗಲಿಯಲ್ಲಿದ್ದವರಿಗೆ ಆ ಸದ್ದು ಕೇಳಿಸುತ್ತದೆ. ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಅದನ್ನು ಪ್ರಾಯಶ್ಚಿತ್ತವೆಂದುಕೊಳ್ಳಲು ಹೋಗಿ, ಒಂದು ಲೋಟ ನೀರು ಬಿಟ್ಟು ಪಾಪ ಕಳೆದುಕೊಳ್ಳುವ ತನ್ನ ಜಿಪುಣತನಕ್ಕೆ ತಾನೇ ಹೇಸಿದಳು.

ಇವತ್ತು ಜಗಲಿ ಹತ್ತುವಾಗ ರತ್ನ ಎಂದಿನಂತೆ ಕಾಲು ಮಡಚಿ ದಾರಿ ಬಿಟ್ಟಳು. ಒಳಗೆ ಗೋಡೆಯಲ್ಲಿ ಕ್ಯಾಲೆಂಡರಿನ ರತ್ನ ನಗುತ್ತಿದ್ದಳು. ತಿಂಗಳು ದಾಟಿದ್ದರೂ ಆ ಪುಟವನ್ನು ಮಗುಚಲು ಯಾರಿಗೂ ಧೈರ್ಯವಾಗಿರಲಿಲ್ಲ. ಮಗುಚಿದರೆ ತಾನೇ ಕಳಿಸಿದ ಹಾಗೆ. ಹೊರಗೊಬ್ಬಳು, ಒಳಗೊಬ್ಬಳು. ಇಬ್ಬರ ನಡುವೆ ಹೊಸ್ತಿಲು.

ಮೇಡಂ ಗೋಡೆಯ ಮೇಲೆ ಬಂದರು. ಇವತ್ತು ಅವರ ಹಿಂದೆ ಒಂದು ಹೂವಿನ ಕುಂಡವೂ ಇತ್ತು. ಕುಶಲ ವಿಚಾರಿಸಿ, ಹವೆ ಹೇಗಿದೆಯೆಂದು ಕೇಳಿ, ಸಲೀಸಾಗಿ ಪ್ರಶ್ನೆಗೆ ಬಂದರು. ತಾನು ಬಿಟ್ಟು ಹೋಗುತ್ತೇನೆಂದು ರತ್ನ ಹೇಳಿದ್ದು ಹೌದಷ್ಟೆ? ಪ್ರೇಮಾನಂದ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ಬಾಗಿಲು ಓರೆಯಾಗಿತ್ತು, ಜಗಲಿಯಲ್ಲಿ ಯಾರೋ ಕೆಮ್ಮಿದರು. ಹೌದು ಎನ್ನಲು ಬಾಯಿ ತೆರೆದ ಶ್ರೀಲತಾ, ರತ್ನ ಹೇಳಿದ ಶಬ್ದ 'ಬತ್ತೆ' ಎಂದು ಶುರುಮಾಡಿಬಿಟ್ಟಳು. ಹೊರಡುವಾಗ ನಾವು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತೇವೆ, ಅವಳು ಹೇಳಿದ್ದು ಅಷ್ಟೇ ಎಂದು ತಡವರಿಸಿದಳು. ಮೇಡಮ್ಮಿನ ಕಣ್ಣು ಅರಳಿತು. ಎಂಥ ಸುಂದರವಾದ ಮಾತು! ಇದನ್ನು ನಾವು ಈ ಸಲದ ವಾರ್ಷಿಕ ವರದಿಗೆ ಹಾಕಿಕೊಳ್ಳಬೇಕು, ಪ್ರೇಮ್, ಗುರುತು ಹಾಕಿಕೊಳ್ಳಿ ಎಂದರು. ಪ್ರೇಮಾನಂದ ನಿಜವಾಗಿಯೂ ಬರೆದುಕೊಂಡ. ಆದರೆ ಹೊರಟಳು ತಾನೆ, ಎಂದರು ಮೇಡಂ. ಹೌದು, ಹೊರಟಳು, ಎಂದಳು ಶ್ರೀಲತಾ. ಸರಿ ಹಾಗಾದರೆ. ಅನುವಾದದಲ್ಲಿ ಒಂದು ಸಣ್ಣ ತಪ್ಪು ಎಂದಿಟ್ಟುಕೊಳ್ಳೋಣ, ಯಾರ ಮನಸ್ಸೂ ನೋಯುವುದು ಬೇಡ.

ತಪ್ಪು. ಎಷ್ಟು ಮೆತ್ತಗಿನ ಆಸನ. ಅದರ ಮೇಲೆ ಕೂತುಬಿಟ್ಟರೆ ಯಾರೂ ಎಬ್ಬಿಸುವುದಿಲ್ಲ. ಕೊಕ್ಕರ್ಣೆಯ ಹೆಣ್ಣು, ಬತ್ತೆಯ ಅರ್ಥ ತಪ್ಪಾಗಿ ತಿಳಿದುಕೊಂಡಳು! ನಗು ಬಂತು ಅವಳಿಗೆ, ಕೆಟ್ಟ ನಗು. ತಪ್ಪಾಗಬಹುದಾದ ಶಬ್ದ ಸಾವಿರವಿದ್ದಾವು, ಇದೊಂದನ್ನು ಬಿಟ್ಟು. "ತಪ್ಪಲ್ಲ ಮೇಡಂ" ಎಂದಳು, ಮೊದಲು ಕನ್ನಡದಲ್ಲೇ. ಆಮೇಲೆ ಇಂಗ್ಲಿಷಿನಲ್ಲಿ, ನನಗೆ ಗೊತ್ತಿತ್ತು, ಗೊತ್ತಿದ್ದೇ ತಲೆಯಾಡಿಸಿದೆ ಎಂದಳು. ಹೇಳಿ ಮುಗಿಸಿ ತಲೆಯೆತ್ತಿದರೆ ಮೇಡಮ್ಮಿನ ಮುಗುಳ್ನಗೆ ಗೋಡೆಯ ಮೇಲೆ ಅಲ್ಲಾಡದೆ ನಿಂತಿತ್ತು. ಹೂವಿನ ಕುಂಡ ಅರ್ಧ ಕರಗಿ ಚೌಕ ಚೌಕವಾಗಿತ್ತು. ಪ್ರೇಮಾನಂದ ಎದ್ದು ಲ್ಯಾಪ್‌ಟಾಪನ್ನು ತಟ್ಟಿ ನೋಡಿ, ಮುಚ್ಚಿದ. "ನೆಟ್‌ವರ್ಕ್ ಹೋಯ್ತ್. 'ಸಣ್ಣ ತಪ್ಪ್' ಅಂಬ್ದ್ರ ಮ್ಯಾಲ್ ಎಂತದೂ ಅವ್ರಿಗ್ ಕೇಂಡಿಲ್ಲೆ. ಒಳ್ಳೇದೇ ಆಯ್ತ್, ಕಾಣಿ." ಶ್ರೀಲತಾಳ ಮೈಯೆಲ್ಲ ಹಗುರಾಯಿತು. ಕೇಳಿಸಲಿಲ್ಲ. ಹೇಳಿಯೂ ಆಯಿತು, ಕೇಳಿಸಲೂ ಇಲ್ಲ. ಮರುಕ್ಷಣ ಆ ಹಗುರವನ್ನೇ ತಾಳಲಾರದೆ ಅವಳು ಬಾಗಿಲು ತಳ್ಳಿಕೊಂಡು ಜಗಲಿಗೆ ಬಂದಳು.

ಐದು ಮುಖಗಳು ಅವಳ ಕಡೆ ತಿರುಗಿದವು. "ಎಂತ ಹೇಳ್ದ್ರಿ ಅಕ್ಕಾ?" ಎಂದಳು ರತ್ನ. ಒಳಗೆ ಮೇಡಂ ಜತೆ ನಡೆದದ್ದೆಲ್ಲ ಇಂಗ್ಲಿಷು. ಅವಳಿಗೆ ತಿಳಿದದ್ದು ನಡುವೆ ಬಂದ ತನ್ನದೇ ಶಬ್ದ, ಮತ್ತೊಂದು 'ತಪ್ಪಲ್ಲ' ಮಾತ್ರ.

"ಬತ್ತೆ ಅಂದ್ರೆ ಎಂತ ಅಂದೇಳಿ ಅವ್ರಿಗ್ ಹೇಳ್ದೆ."

"ಅವ್ರಿಗ್ ಗೊತ್ತಿರ್ಲಿಲ್ಲೆ, ಬಿಡಿ. ನಿಮ್ಗ್ ಅವತ್ತ್ ಗೊತ್ತಿರ್ಲಿಲ್ಯಾ?"

ಇಂಗ್ಲಿಷಿನಲ್ಲಿ ಆಗಲೇ ಹೇಳಿದ ಮಾತು. ಆದರೆ ಅದು ಯಾರದೋ ಭಾಷೆ, ಅಲ್ಲಿ ಹೇಳಿದ್ದು ಬಾಡಿಗೆಗೆ ತಂದ ಪಾತ್ರೆಯ ಹಾಗೆ, ತೊಳೆದು ವಾಪಸು ಕೊಟ್ಟರಾಯಿತು. ಇಲ್ಲಿ ಹೇಳಬೇಕಾದರೆ ಅಮ್ಮಮ್ಮ ಮಾತು ಕಲಿಸಿದ ನಾಲಗೆಯಲ್ಲೇ ಹೇಳಬೇಕು. ನವ್ಯಶ್ರೀ ದುಪಟ್ಟದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

"ಗೊತ್ತಿತ್ತ್" ಎಂದಳು.

ಬೈದರೆ ಒಳ್ಳೆಯದಿತ್ತು. ರತ್ನ "ಹ್ಞೂಂ. ಬಚ್ಚಲ್ ಕೀ ಕೊಡಿ" ಎಂದು ಕೈ ಚಾಚಿದಳು. ಶ್ರೀಲತಾ ಪರ್ಸು ತಡಕಿ ಕೀಲಿ ಕೊಟ್ಟಳು. ಮೊದಲು ನವ್ಯಶ್ರೀ ಹೋದಳು, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಬೀಗದ ಸದ್ದು, ಬಕೆಟಿಗೆ ನೀರು ಬೀಳುವ ಸದ್ದು ಇಡೀ ಕಚೇರಿಗೆ ಕೇಳಿಸಿತು. ರತ್ನ ಕೊನೆಯಲ್ಲಿ ಹೋಗಿ ಮುಖ ತೊಳೆದು ಬಂದು, ಒದ್ದೆ ಕೈಯಿಂದಲೇ ಕೀಲಿ ವಾಪಸು ಕೊಟ್ಟಳು. "ನಾಳಿಂದ ನಾವ್ ಇಲ್ಲಿಗ್ ಬತ್ತಿಲ್ಲೆ ಅಕ್ಕಾ. ನಾಳೆ ಉಡುಪಿಗ್ ಹೋಪುದ್, ಲೇಬರ್ ಆಫೀಸಿಗ್. ಈಗ ಹೇಳ್ದ್ರಿ ಅಲ್ದಾ, ಗೊತ್ತಿತ್ತ್ ಅಂದೇಳಿ? ಅಷ್ಟ್ ಅಲ್ಲಿ ಬಂದ್ ಹೇಳ್ತ್ರಿಯಾ?" ಒಳಗಿಂದ ಪ್ರೇಮಾನಂದ ಕರೆದ. ಶ್ರೀಲತಾ ಒಳಗೆ ಹೋದಳು. ಹೋಗುವಾಗ ಅವಳಿಗೆ ಹಾಯೆನ್ನಿಸಿದ್ದೂ ಸುಳ್ಳಲ್ಲ.

ಪ್ರೇಮಾನಂದ ಗದರಲಿಲ್ಲ. ಕುರ್ಚಿ ಎಳೆದು ಕೊಟ್ಟ, ಚಾ ತರಿಸಿದ. "ನಿಮ್ಮ ಮನಸ್ ನಂಗ್ ಗೊತ್ತಿತ್ತ್, ಮಾರಾಯ್ರೆ. ನಂಗೂ ಬೇಜಾರಿಲ್ಯಾ? ಆರೆ ಅಲ್ಲಿ ಹೋಯ್ ಹಾಂಗ್ ಹೇಳ್ರೆ ನಾಳೆ ನಿಮ್ಮನ್ನ್ ಯಾರ್ ಇಟ್ಕಂತ್ರ್? ಇಲ್ಲಿ ಅಂತಲ್ಲ, ಎಲ್ಲೂ." ಅವನು ಹೇಳಿದ್ದು ದಿಟ. ಸಂಸ್ಥೆಗಳು ಒಂದನ್ನೊಂದು ಬಲ್ಲವು. ಗಂಡನ ಹೋಟೆಲಿನ ಗಲ್ಲಾದಲ್ಲಿ ಕೂತು, ಒಂದು ಕಾಲದಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದ ಹೆಂಗಸಾಗಿ ಮುದಿಯಾಗುವ ಚಿತ್ರ ಅವಳಿಗೆ ಕಂಡಿತು. ಮೀನೂಟದ ವಾಸನೆ, ಹೈವೇ ಲಾರಿಗಳ ಧೂಳು. ಹೆದರಿಕೆಯಾಯಿತು, ನಿಜವಾದ ಹೆದರಿಕೆ. ಚಾ ಕುಡಿದಳು. ಮಧ್ಯಾಹ್ನವೆಲ್ಲ ಪರದೆಯ ಮುಂದೆ ಕುಳಿತು ಸಂಜೆಗಾಗಿ ಕಿವಿ ತೆರೆದಿಟ್ಟಿದ್ದಳು. ಇವತ್ತು ಬತ್ತೆ ಎಂದರೆ, ಹುಕುಂ ಏನೇ ಇರಲಿ, ಹೋಯ್ ಬನ್ನಿ ಎಂದುಬಿಡಬೇಕು. ಒಂದು ತಿಂಗಳಿಂದ ಗಂಟಲಲ್ಲಿ ಸಿಕ್ಕಿದ್ದು ಹೊರಗೆ ಬಿದ್ದರೆ ರಾತ್ರಿ ನಿದ್ದೆಯಾದರೂ ಬಂದೀತು. ಅಷ್ಟು ಸಣ್ಣ ಧೈರ್ಯವನ್ನು ಅವಳು ಸಂಜೆಯವರೆಗೆ ಜೋಪಾನವಾಗಿ ಕಾಪಾಡಿಕೊಂಡಳು.

ಚಾಪೆ ಸುತ್ತುವ ಸದ್ದಾಯಿತು. ಚಪ್ಪಲಿಗಳು ಜಗಲಿಯ ಮೆಟ್ಟಿಲಿಳಿದವು. ಗೇಟು ಕಿರ್ರೆಂದು ತೆರೆದು, ಮುಚ್ಚಿತು. ಬಾಗಿಲಿಗೆ ಯಾರೂ ಬರಲಿಲ್ಲ. ಯಾರೂ ಏನೂ ಹೇಳಲಿಲ್ಲ. ಶ್ರೀಲತಾ ಅರ್ಧ ಎದ್ದು ನಿಂತಿದ್ದಳು, ಮಾತು ನಾಲಗೆಯ ತುದಿಯಲ್ಲೇ ಇತ್ತು. ಪಕ್ಕದ ಮೇಜಿನವಳು, "ಇವತ್ತ್ ಎಂತ, ಹೇಳ್ದೆ ಹೋದ್ರಲೆ" ಎಂದಳು, ಆಮೇಲೆ ತನ್ನ ಮಾತಿಗೆ ತಾನೇ ಬೆದರಿದವಳಂತೆ ಕತ್ತು ತಗ್ಗಿಸಿದಳು. ಹೇಳದೆ ಏಳುವುದು ಎಂಥ ಮನೆಯಿಂದ ಎಂದು ಆ ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಫ್ಯಾನು ತಿರುಗುತ್ತಿತ್ತು. ಕ್ಯಾಲೆಂಡರಿನ ಪುಟ ಎದ್ದೆದ್ದು ಗೋಡೆಗೆ ಬಡಿಯುತ್ತಿತ್ತು. ಶ್ರೀಲತಾಳಿಗೆ ಒಮ್ಮೆಲೇ ಅಲ್ಲಿಯ ಗಾಳಿ ಸೇರಲಿಲ್ಲ. ಕೀಲಿಯನ್ನು ಪ್ರೇಮಾನಂದನ ಮೇಜಿನ ಮೇಲಿಟ್ಟು, ಬ್ಯಾಗೆತ್ತಿಕೊಂಡು ಹೊರಟಳು. ಇಷ್ಟು ವರ್ಷ ಒಂದು ದಿನವೂ ತಪ್ಪದೆ "ಬತ್ತೆ ಸಾರ್" ಎಂದು ಹೋದವಳು. "ಹ್ವಾಯ್, ಶ್ರೀಲತಾ ಅವ್ರೆ! ಹೇಳ್ದೆ ಹೋತ್ರಿಯಾ?" ಎಂದು ಅವನು ಬೆನ್ನ ಹಿಂದೆ ಕೂಗಿದ. ಅವಳು ತಿರುಗಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಬೈಂದೂರಿನ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಉಳಿದವರು ಹತ್ತಿ ಕುಳಿತಿದ್ದರು. ರತ್ನ ಕಿಟಕಿಯ ಪಕ್ಕ, ಕೊರಳಲ್ಲಿ ನೀಲಿ ಪಟ್ಟಿ. ಶ್ರೀಲತಾ ಓಡಿ ಬಂದ ರಭಸಕ್ಕೆ ಕಿಟಕಿಯ ಕಂಬಿ ಹಿಡಿದುಕೊಂಡು ಏದುಸಿರು ಬಿಟ್ಟಳು. ಏನೇನೋ ಹೇಳಬೇಕೆಂದುಕೊಂಡು ಬಂದಿದ್ದಳು. ಗೇಟಿನ ಡೋಲಿನ ಮಾತಿಗೆ ಅವತ್ತು ತಾನು ನಕ್ಕದ್ದು ಮನಸಾರೆ ಎಂದು, ಕೊಕ್ಕರ್ಣೆಯ ಬೇಲಿಯ ಕಥೆಯನ್ನು ಇನ್ನೆಂದೂ ಯಾರಿಗೂ ಹೇಳುವುದಿಲ್ಲವೆಂದು. ಅದೆಲ್ಲ ಮತ್ತೆ ತನ್ನದೇ ಬಣ್ಣನೆಯಾದೀತೆಂದು ಹೊಳೆದು ನುಂಗಿಕೊಂಡಳು. ರತ್ನ ಕೇಳಿದ್ದಕ್ಕೆ ಬೇಕಾದದ್ದು ಒಂದೇ ಮಾತು.

"ನಾಳೆ... ಬತ್ತೆ" ಎಂದಳು.

ರತ್ನ ಕಿಟಕಿಯಿಂದ ಬಗ್ಗಿ ಅವಳ ಮುಖವನ್ನು ನೋಡಿದಳು. ಕ್ಯಾಲೆಂಡರಿನಲ್ಲಿರುವ ಮುಖವಲ್ಲ. ದಣಿದ, ಬೆವರಿದ, ನಾಳೆಯ ಕೆಲಸದ ಯೋಚನೆಯಿರುವ ಮುಖ. ಅವಳ ದನಿಯಲ್ಲಿ ಕುಹಕವಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು.

"ಅದ್ ಹೋಪ ಬತ್ತೆಯಾ ಅಕ್ಕಾ, ಬಪ್ಪ ಬತ್ತೆಯಾ?"

ಕಂಡಕ್ಟರ್ ಸೀಟಿ ಹೊಡೆದ. ಕಂಬಿ ಕೈಯಿಂದ ಜಾರಿತು. ಬಸ್ಸಿನ ಜತೆಗೇ ನಾಲ್ಕು ಹೆಜ್ಜೆ ಓಡುತ್ತ ಶ್ರೀಲತಾ "ಬಪ್ಪದ್ದ್, ರತ್ನಕ್ಕಾ! ಉಡುಪಿಗ್ ಬಪ್ಪದ್ದೇ!" ಎಂದು ಕೂಗಿದಳು. ಬಾಳೆಹಣ್ಣು ಮಾರುವವನು ತಿರುಗಿ ನೋಡಿದ. ಈ ಸಲ ಕೇಳಿಸಿತ್ತು. ರತ್ನ ಕಿಟಕಿಯಿಂದ ಕೈ ಹೊರಗೆ ಹಾಕಿ, ಬೀಸಲಿಲ್ಲ, ಸೆರಗು ಹಾರದಂತೆ ಹಿಡಿದುಕೊಂಡಳಷ್ಟೆ.

ನೋಡೋಣ ಎಂಬಂತೆ, "ಕಾಂಬ" ಎಂದಳು.